ತುತ್ತಿನ ದಾರಿ, ಮಾತಿನ ದಾರಿ: ನುಂಗುವ ಗಂಟಲಿನ ರಚನೆ ಮತ್ತು ಕಾರ್ಯ

ಭಾಷಾವಿಜ್ಞಾನದ ಪತ್ರಿಕೆಗೆ ಸಿದ್ಧರಾಗುವ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಧ್ವನ್ಯಂಗಗಳ ಚಿತ್ರ ಪರಿಚಿತವಾದುದು. ತುಟಿ, ಹಲ್ಲು, ಅಂಗುಳ, ನಾಲಗೆ, ಕಿರುನಾಲಗೆ, ಧ್ವನಿಪೆಟ್ಟಿಗೆ ಎಂದು ಹೆಸರು ಬರೆದು, ಬಾಣದ ಗುರುತು ಹಾಕಿದರೆ ಉತ್ತರ ಮುಗಿಯಿತೆಂದು ಭಾವಿಸುವುದುಂಟು. ಆದರೆ ಈ ಚಿತ್ರದಲ್ಲಿರುವ ಒಂದು ಅಂಗವೂ ಮಾತಿಗೆಂದೇ ಮೀಸಲಾಗಿಲ್ಲ. ಹುಟ್ಟಿದ ಕೂಸು ನುಡಿಯುವುದಕ್ಕೆ ವರ್ಷ ಬೇಕು. ಹಾಲು ನುಂಗುವುದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಗಂಟಲಿನ ಮೊದಲ ಕೆಲಸ ಉಸಿರನ್ನು ಕಾಯುವುದು ಮತ್ತು ಅನ್ನವನ್ನು ಸಾಗಿಸುವುದು. ಅದೇ ಸ್ನಾಯುಗಳಿಂದ ನುಡಿಯು ಎರವಲಾಗಿ ಕೆಲಸ ಪಡೆಯುತ್ತದೆ. ಆದ್ದರಿಂದ ನುಂಗುವ ಕ್ರಿಯೆಯನ್ನು ಅರಿತವರಿಗೆ ವರ್ಣೋತ್ಪತ್ತಿಯ ಪಾಠ ತಾನಾಗಿ ತಿಳಿಯಾಗುತ್ತದೆ. ಮನೆಯಲ್ಲಿ ವೃದ್ಧರೋ ಚಿಕ್ಕ ಮಕ್ಕಳೋ ಇದ್ದರೆ ಈ ಅರಿವು ಪರೀಕ್ಷೆಯ ಆಚೆಗೂ ಉಪಯೋಗಕ್ಕೆ ಬರುತ್ತದೆ.

೧. ಎರಡು ದಾರಿಗಳು ಕೂಡುವ ಸ್ಥಳ

ಮೂಗು ಮತ್ತು ಬಾಯಿಯ ಹಿಂದೆ, ತಲೆಬುರುಡೆಯ ತಳದಿಂದ ಕೆಳಗಿಳಿದು ಅನ್ನನಾಳವನ್ನು ಸೇರುವ ಕೊಳವೆಯಂಥ ಭಾಗವೇ ಗಂಟಲಕುಳಿ. ವಯಸ್ಕರಲ್ಲಿ ಅದರ ಉದ್ದ ಸುಮಾರು 12ರಿಂದ 14 ಸೆಂಟಿಮೀಟರ್. ಅಭ್ಯಾಸದ ಅನುಕೂಲಕ್ಕಾಗಿ ಅದನ್ನು ಮೂರು ಭಾಗ ಮಾಡುತ್ತಾರೆ: ಮೂಗಿನ ಹಿಂಬದಿಯದು, ಬಾಯಿಯ ಹಿಂಬದಿಯದು, ಧ್ವನಿಪೆಟ್ಟಿಗೆಯ ಹಿಂಬದಿಯದು.

ಮೂಗಿನಿಂದ ಬರುವ ಉಸಿರು ಈ ಕೊಳವೆಯಲ್ಲಿ ಇಳಿದು, ಮುಂಬದಿಯಲ್ಲಿರುವ ಧ್ವನಿಪೆಟ್ಟಿಗೆಯ ಮೂಲಕ ಶ್ವಾಸನಾಳಕ್ಕೆ ಹೋಗಬೇಕು. ಬಾಯಿಯಿಂದ ಬರುವ ಅನ್ನ ಅದೇ ಕೊಳವೆಯಲ್ಲಿ ಇಳಿದು ಹಿಂಬದಿಯ ಅನ್ನನಾಳಕ್ಕೆ ಹೋಗಬೇಕು. ಅಂದರೆ ಮೇಲೆ ಹಿಂದಿರುವ ದಾರಿ ಕೆಳಗೆ ಮುಂದಕ್ಕೂ, ಮೇಲೆ ಮುಂದಿರುವ ದಾರಿ ಕೆಳಗೆ ಹಿಂದಕ್ಕೂ ಸಾಗುತ್ತವೆ. ನಡುವೆ ಒಂದನ್ನೊಂದು ದಾಟುತ್ತವೆ. ನುಂಗಿದ ಪ್ರತಿಯೊಂದು ಕಣವೂ ಶ್ವಾಸನಾಳದ ಬಾಯಿಯ ಮೇಲಿನಿಂದಲೇ ದಾಟಿಹೋಗಬೇಕಾದ ಈ ವಿಚಿತ್ರವನ್ನು ಚಾರ್ಲ್ಸ್ ಡಾರ್ವಿನ್ 1859ರ ತನ್ನ ಜೀವಜಾತಿಗಳ ಉಗಮದ ಗ್ರಂಥದಲ್ಲಿ ಗುರುತಿಸಿದ್ದಾನೆ.

ರಸ್ತೆಯು ರೈಲುಹಳಿಯನ್ನು ದಾಟುವಲ್ಲಿ ಗೇಟು ಇರುವುದನ್ನು ವಿದ್ಯಾರ್ಥಿಗಳು ಬಲ್ಲರು. ಗಾಡಿ ಬರುವಾಗ ರಸ್ತೆಯನ್ನು ಮುಚ್ಚುತ್ತಾರೆ, ಹೋದ ಮೇಲೆ ತೆರೆಯುತ್ತಾರೆ. ಗಂಟಲಿನಲ್ಲಿಯೂ ಉಸಿರಿನ ದಾರಿ ಸದಾ ತೆರೆದಿರುತ್ತದೆ. ತುತ್ತು ಬರುವ ಹೊತ್ತಿಗೆ ಮಾತ್ರ, ಒಂದು ಸೆಕೆಂಡಿನ ಆಸುಪಾಸು, ಅದನ್ನು ಮುಚ್ಚಲಾಗುತ್ತದೆ. ಈ ಗೇಟನ್ನು ಹಾಕಿ ತೆಗೆಯುವ ಕೆಲಸ ಸ್ನಾಯುಗಳದು.

೨. ಸ್ನಾಯುಗಳ ಪರಿಚಯ

ನುಂಗುವ ಕ್ರಿಯೆಯಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಜೋಡಿ ಸ್ನಾಯುಗಳು ಪಾಲುಗೊಳ್ಳುತ್ತವೆ. ಅವೆಲ್ಲವುಗಳ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕೆಲಸವನ್ನು ಅನುಸರಿಸಿ ನಾಲ್ಕು ಗುಂಪು ಮಾಡಿಕೊಂಡರೆ ಸಾಕು.

ಮೊದಲನೆಯದು ಹಿಂಡುವ ಗುಂಪು. ಗಂಟಲಕುಳಿಯ ಹಿಂಗೋಡೆ ಮತ್ತು ಪಕ್ಕದ ಗೋಡೆಗಳು ಮೇಲಣ, ನಡುವಣ, ಕೆಳಗಣ ಎಂಬ ಮೂರು ಸಂಕೋಚಕ ಸ್ನಾಯುಗಳಿಂದ ಆಗಿವೆ. ಒಂದರೊಳಗೊಂದು ಇಟ್ಟ ಲೋಟಗಳಂತೆ ಮೇಲಣದರ ಕೆಳತುದಿ ನಡುವಣದರ ಒಳಗೆ, ನಡುವಣದರ ಕೆಳತುದಿ ಕೆಳಗಣದರ ಒಳಗೆ ಸೇರಿರುತ್ತದೆ. ಎಡಬಲದ ಎಳೆಗಳು ಹಿಂದೆ ನಟ್ಟನಡುವಿನ ಒಂದು ಗೆರೆಯಲ್ಲಿ ಕೂಡುತ್ತವೆ. ಮುಂದೆ ಇವುಗಳಿಗೆ ಗೋಡೆಯಿಲ್ಲ: ಮೇಲಣದು ದವಡೆಯ ಹಿಂಬದಿಯ ಭಾಗಗಳಿಗೂ, ನಡುವಣದು ಹಯಾಯ್ಡ್ ಎಲುಬಿಗೂ, ಕೆಳಗಣದು ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳಿಗೂ ಅಂಟಿಕೊಂಡಿವೆ. ಇವು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದರಂತೆ ಬಿಗಿದು ತುತ್ತನ್ನು ಕೆಳಗೆ ತಳ್ಳುತ್ತವೆ. ಕೆಳಗಣ ಸಂಕೋಚಕದ ತಳದಲ್ಲಿರುವ ಉಂಗುರದಂಥ ಎಳೆಗಳ ಸ್ವಭಾವ ಬೇರೆ. ಉಳಿದವು ನುಂಗುವಾಗ ಮಾತ್ರ ಬಿಗಿದರೆ, ಇವು ಸದಾ ಬಿಗಿದಿದ್ದು ನುಂಗುವಾಗ ಸಡಿಲುತ್ತವೆ. ಅನ್ನನಾಳದ ಹೆಬ್ಬಾಗಿಲು ಇದೇ. ಈ ಬಾಗಿಲು ಬಿಗಿದಿರುವುದರಿಂದ ಉಸಿರೆಳೆದಾಗ ಗಾಳಿ ಹೊಟ್ಟೆಗೆ ಹೋಗುವುದಿಲ್ಲ.

ಎರಡನೆಯದು ಎತ್ತುವ ಗುಂಪು. ಗಂಟಲಕುಳಿಯ ಒಳಬದಿಯಲ್ಲಿ ಉದ್ದುದ್ದಕ್ಕೆ ಇಳಿಯುವ ಮೂರು ಜೋಡಿ ಸ್ನಾಯುಗಳಿವೆ. ಒಂದು ಕಿವಿಯ ಬುಡದ ಬಳಿಯ ಚೂಪಾದ ಎಲುಬಿನಿಂದಲೂ, ಇನ್ನೊಂದು ಮೃದು ಅಂಗುಳದಿಂದಲೂ, ಮತ್ತೊಂದು ಕಿವಿಗೂ ಗಂಟಲಿಗೂ ನಡುವಿನ ನಾಳದಿಂದಲೂ ಹೊರಡುತ್ತದೆ. ಇವು ಗಂಟಲನ್ನು ಮೇಲಕ್ಕೆಳೆದು ಗಿಡ್ಡಗೊಳಿಸುತ್ತವೆ. ಕಾಲುಚೀಲವನ್ನು ಹಾಕಿಕೊಳ್ಳುವಾಗ ಅದನ್ನು ಪಾದದ ಮೇಲೆ ಎಳೆದುಕೊಳ್ಳುವಂತೆ, ಗಂಟಲು ತುತ್ತಿನ ಮೇಲೆ ತನ್ನನ್ನು ಎಳೆದುಕೊಳ್ಳುತ್ತದೆ.

ಮೂರನೆಯದು ಮೃದು ಅಂಗುಳದ ಗುಂಪು. ಅಂಗುಳದ ಮುಂಭಾಗ ಎಲುಬಿನಿಂದ ಕೂಡಿ ಗಟ್ಟಿಯಾಗಿದೆ. ಹಿಂಭಾಗ ಸ್ನಾಯುಮಯವಾಗಿ ಮೃದುವಾಗಿದೆ. ಅದರ ತುದಿಯಲ್ಲಿ ಜೋಲುವುದೇ ಕಿರುನಾಲಗೆ; ಮರಾಠಿಯಲ್ಲಿ ಪಡಜೀಭ. ಎರಡು ಭಾಷೆಗಳೂ ಅದನ್ನು ಒಂದು ಬಗೆಯ ನಾಲಗೆ ಎಂದೇ ಕಂಡಿವೆ. ಇಲ್ಲಿ ಬಿಗಿಸುವ ಸ್ನಾಯು ಮತ್ತು ಮೇಲೆತ್ತುವ ಸ್ನಾಯು ಎಂಬ ಎರಡು ಜೋಡಿ ಮುಖ್ಯ. ಇವು ಮೃದು ಅಂಗುಳವನ್ನು ಹಿಂದಕ್ಕೂ ಮೇಲಕ್ಕೂ ಎತ್ತಿ ಗಂಟಲಿನ ಹಿಂಗೋಡೆಗೆ ಒತ್ತುತ್ತವೆ. ಆಗ ಮೂಗಿನ ದಾರಿ ಮುಚ್ಚುತ್ತದೆ. ಬಿಗಿಸುವ ಸ್ನಾಯುವಿಗೆ ಇನ್ನೊಂದು ಕೆಲಸವಿದೆ: ಕಿವಿಯ ನಾಳವನ್ನು ತೆರೆಯುವುದು. ಘಾಟಿ ಹತ್ತುವಾಗ ಗವ್ವೆಂದು ಮುಚ್ಚಿಕೊಂಡ ಕಿವಿ ಉಗುಳು ನುಂಗಿದೊಡನೆ ತೆರೆದುಕೊಳ್ಳುವುದು ಇದರಿಂದಲೇ.

ನಾಲ್ಕನೆಯದು ಹಯಾಯ್ಡ್ ಎಲುಬಿನ ಸುತ್ತಣ ಗುಂಪು. ನಾಲಗೆಯ ಬುಡದಲ್ಲಿ, ಕುದುರೆ ಲಾಳದ ಆಕಾರದಲ್ಲಿರುವ ಈ ಎಲುಬು ಬೇರೆ ಯಾವ ಎಲುಬಿನೊಡನೆಯೂ ಕೀಲುಗೊಂಡಿಲ್ಲ. ಮೇಲೆ ದವಡೆಯಿಂದ, ಕೆಳಗೆ ಎದೆಯೆಲುಬು ಮತ್ತು ಧ್ವನಿಪೆಟ್ಟಿಗೆಯಿಂದ ಬರುವ ಸ್ನಾಯುಗಳು ಅದನ್ನು ತೊಟ್ಟಿಲಿನಂತೆ ತೂಗಿಹಿಡಿದಿವೆ. ದವಡೆಯ ಕಡೆಯ ಸ್ನಾಯುಗಳು ಎಳೆದರೆ ಎಲುಬು ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಧ್ವನಿಪೆಟ್ಟಿಗೆಯೂ ಅದರ ಜೊತೆ ಮೇಲೇರುತ್ತದೆ. ಕತ್ತಿನ ಮುಂಬದಿಯ ಗಂಟಲಮಣಿಯ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಇದು ಕೈಗೇ ತಿಳಿಯುತ್ತದೆ: ಮಣಿ ಮೇಲೇರಿ, ಕ್ಷಣಮಾತ್ರ ನಿಂತು, ಕೆಳಗಿಳಿಯುತ್ತದೆ.

೩. ನುಂಗುವ ಮೂರು ಹಂತಗಳು

ಮೊದಲ ಹಂತ ಬಾಯಿಯದು. ಅಗಿದ ಅನ್ನ ಉಗುಳಿನೊಡನೆ ಬೆರೆತು ನುಣುಪಾದ ಉಂಡೆಯಾಗುತ್ತದೆ. ತುಟಿಗಳು ಮುಚ್ಚುತ್ತವೆ. ನಾಲಗೆಯ ತುದಿ ಮೇಲ್ಹಲ್ಲುಗಳ ಹಿಂದೆ ಒತ್ತಿ ನಿಲ್ಲುತ್ತದೆ. ಬಳಿಕ ನಾಲಗೆಯ ನಡುಭಾಗ ಅಂಗುಳಕ್ಕೆ ಮುಂದಿನಿಂದ ಹಿಂದಕ್ಕೆ ಒತ್ತುತ್ತ ತುತ್ತನ್ನು ಸರಿಸುತ್ತದೆ. ಕೊನೆಗೆ ನಾಲಗೆಯ ಹಿಂಭಾಗ ಮೃದು ಅಂಗುಳದ ಬಳಿ ಅದನ್ನು ಗಂಟಲಿಗೆ ದಾಟಿಸುತ್ತದೆ. ಈ ಹಂತ ನಮ್ಮ ಇಚ್ಛೆಗೆ ಒಳಪಟ್ಟುದು. ಬೇಕಾದರೆ ನುಂಗಬಹುದು, ಬೇಡವಾದರೆ ಉಗುಳಬಹುದು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎಂಬ ಗಾದೆ ಹುಟ್ಟಿದ್ದು ಈ ಹಂತದ ಇಕ್ಕಟ್ಟಿನಿಂದ. ಇನ್ನು ಒಂದು ಅಂಗುಲ ಹಿಂದೆ ಸರಿದರೆ ಗಾದೆಗೆ ಎಡೆಯಿಲ್ಲ. ಅಲ್ಲಿಂದಾಚೆ ಆಯ್ಕೆಯೇ ಇರುವುದಿಲ್ಲ.

ಎರಡನೆಯ ಹಂತ ಗಂಟಲಿನದು. ಇದು ಅತ್ಯಂತ ಚಿಕ್ಕದು, ಅತ್ಯಂತ ಅಪಾಯದ್ದು. ತುತ್ತು ಗಂಟಲಿನ ಬಾಗಿಲನ್ನು ಮುಟ್ಟಿದೊಡನೆ ಸುದ್ದಿ ನರಗಳ ಮೂಲಕ ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗಕ್ಕೆ ಹೋಗುತ್ತದೆ; ಅಲ್ಲಿಂದ ಆಜ್ಞೆ ಹೊರಡುತ್ತದೆ. ಮೃದು ಅಂಗುಳ ಏರಿ ಮೂಗಿನ ದಾರಿಯನ್ನು ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಧ್ವನಿತಂತುಗಳು ಒಂದಕ್ಕೊಂದು ಒತ್ತಿ ಮುಚ್ಚುತ್ತವೆ. ಅವುಗಳ ಮೇಲಿನ ಮಡಿಕೆಗಳೂ ಸೇರಿಕೊಳ್ಳುತ್ತವೆ. ಹಯಾಯ್ಡ್ ಎಲುಬು ಮತ್ತು ಧ್ವನಿಪೆಟ್ಟಿಗೆ ಮೇಲಕ್ಕೆ, ಮುಂದಕ್ಕೆ ಸರಿದು ನಾಲಗೆಯ ಬುಡದಡಿ ಆಶ್ರಯ ಪಡೆಯುತ್ತವೆ. ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಹಿಂದಕ್ಕೆ ಬಾಗಿ ಧ್ವನಿಪೆಟ್ಟಿಗೆಯ ಬಾಯಿಯನ್ನು ಮರೆಮಾಡುತ್ತದೆ. ಸಂಕೋಚಕಗಳು ಅಲೆಯಂತೆ ಬಿಗಿಯುತ್ತವೆ. ಅನ್ನನಾಳದ ಹೆಬ್ಬಾಗಿಲು ಸಡಿಲುತ್ತದೆ. ಮುಂದಕ್ಕೆ ಸರಿದ ಧ್ವನಿಪೆಟ್ಟಿಗೆಯೇ ಅದನ್ನು ಎಳೆದು ಅಗಲಿಸುತ್ತದೆ. ಇಷ್ಟೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಸಾಮಾನ್ಯವಾಗಿ ಮೊದಲು ಬರುವುದು ಹೊರಯುಸಿರು. ದಾರಿಯಲ್ಲಿ ಕಣವೇನಾದರೂ ಉಳಿದಿದ್ದರೆ ಅದು ಒಳಗೆ ಸೆಳೆಯಲ್ಪಡದೆ ಹೊರಗೆ ತಳ್ಳಲ್ಪಡಲೆಂದು ಈ ಏರ್ಪಾಡು.

ಇಲ್ಲಿ ಪದಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದ ಕೆಲವು ಬರಹಗಳಲ್ಲಿ ಎಪಿಗ್ಲಾಟಿಸನ್ನೂ ಕಿರುನಾಲಗೆ ಎಂದೇ ಕರೆದಿರುವುದುಂಟು. ಇವೆರಡೂ ಬೇರೆ ಬೇರೆ. ಬಾಯಿ ತೆರೆದು ಕನ್ನಡಿಯಲ್ಲಿ ನೋಡಿದರೆ ಕಾಣುವುದು ಕಿರುನಾಲಗೆ. ಅದು ಮೇಲಿನಿಂದ ಜೋಲುತ್ತದೆ ಮತ್ತು ಮೃದು ಅಂಗುಳದೊಡನೆ ಮೂಗಿನ ದಾರಿಯ ಕಡೆಗಿದೆ. ಎಪಿಗ್ಲಾಟಿಸ್ ನಾಲಗೆಯ ಬುಡದ ಹಿಂದೆ ಅಡಗಿದ್ದು, ಕೆಳಗಿನಿಂದ ನೆಟ್ಟಗೆ ನಿಂತಿರುತ್ತದೆ. ಅದು ಶ್ವಾಸನಾಳದ ದಾರಿಯ ಕಡೆಗಿದೆ.

ಮೂರನೆಯ ಹಂತ ಅನ್ನನಾಳದ್ದು. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳದಲ್ಲಿ ತುತ್ತು ಅಲೆಯಲೆಯಾದ ಸಂಕೋಚನದಿಂದ ಕೆಳಗಿಳಿಯುತ್ತದೆ. ಗಟ್ಟಿ ಆಹಾರಕ್ಕೆ ಎಂಟು ಹತ್ತು ಸೆಕೆಂಡು ಹಿಡಿಯುತ್ತದೆ. ಅನ್ನ ತನ್ನ ಭಾರದಿಂದಲೇ ಬೀಳುತ್ತದೆಂಬ ಭಾವನೆ ಸರಿಯಲ್ಲ. ತಲೆಕೆಳಗಾಗಿದ್ದರೂ ಸ್ನಾಯುಗಳು ಅದನ್ನು ಹೊಟ್ಟೆಗೆ ಮುಟ್ಟಿಸಬಲ್ಲವು.

೪. ‘ನೆತ್ತಿಗೇರಿತು’ ಎಂಬುದರ ಅರ್ಥ

ಶೇಂಗಾ ಚಟ್ನಿಯ ಒಣಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತ ನಡುವೆ ನಕ್ಕವರಿಗೆ ಏನಾಗುತ್ತದೆಂಬುದು ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ‘ನೆತ್ತಿಗೇರಿತು’ ಎನ್ನುತ್ತಾರೆ. ಮರಾಠಿಯಲ್ಲಿ ‘ಠಸಕಾ ಲಾಗಲಾ’ ಎನ್ನುತ್ತಾರೆ. ಮರಾಠಿಯ ಮಾತು ಕೆಮ್ಮಿನ ಸದ್ದನ್ನು ನೆನಪಿಸುತ್ತದೆ. ಕನ್ನಡದ ಮಾತು ಮೂಗು ನೆತ್ತಿಗಳ ಕಡೆಗೆ ಏರಿದ ಉರಿಯನ್ನು ಹೇಳುವಂತೆ ತೋರುತ್ತದೆ. ಎರಡರಲ್ಲಿಯೂ ಸತ್ಯವಿದೆ. ನಗುವಿಗೆ ಹೊರಯುಸಿರು ಬೇಕು, ತೆರೆದ ಧ್ವನಿಪೆಟ್ಟಿಗೆ ಬೇಕು. ನುಂಗುವುದಕ್ಕೆ ಉಸಿರು ನಿಲ್ಲಬೇಕು, ಧ್ವನಿಪೆಟ್ಟಿಗೆ ಮುಚ್ಚಬೇಕು. ಎರಡು ಆಜ್ಞೆಗಳು ಏಕಕಾಲಕ್ಕೆ ಬಂದಾಗ ಗೇಟು ಅರ್ಧ ತೆರೆದಿರುತ್ತದೆ. ಕಣ ಧ್ವನಿಪೆಟ್ಟಿಗೆಯೊಳಗೆ ಇಳಿದರೆ ಕೆಮ್ಮು ಬರುತ್ತದೆ. ಮೃದು ಅಂಗುಳ ಸರಿಯಾಗಿ ಏರದಿದ್ದರೆ ನೀರು ಮೂಗಿಗೆ ಬರುತ್ತದೆ.

ನೆತ್ತಿಗೇರಿದರೆ ಯಾರೋ ನೆನೆಸುತ್ತಿದ್ದಾರೆ ಎಂದು ಹೇಳಿ ನೆತ್ತಿಯ ಮೇಲೆ ತಟ್ಟುವ ರೂಢಿಯಿದೆ. ಅದರಲ್ಲಿ ಅಕ್ಕರೆಯಿದೆ, ಪರಿಹಾರವಿಲ್ಲ. ಪರಿಹಾರ ಕೆಮ್ಮಿನಲ್ಲಿದೆ. ಕೆಮ್ಮು ರೋಗವಲ್ಲ, ಗಂಟಲಿನ ಕಾವಲುಗಾರ. ಕೆಮ್ಮಬಲ್ಲವನನ್ನು ಚೆನ್ನಾಗಿ ಕೆಮ್ಮಲು ಬಿಡಬೇಕು. ಉಣ್ಣುವಾಗ ಮಾತಾಡಬಾರದೆಂದು ಹಿರಿಯರು ಹೇಳುವುದು ಶಿಷ್ಟಾಚಾರಕ್ಕಾಗಿ ಎಂದು ತೋರಿದರೂ ಅದು ಶರೀರಶಾಸ್ತ್ರಕ್ಕೂ ಒಪ್ಪುವ ಮಾತು.

೫. ವರ್ಣಮಾಲೆಯ ದಾರಿ

ಇನ್ನು ವ್ಯಾಕರಣಕ್ಕೆ ಬರಬಹುದು. ವರ್ಗೀಯ ವ್ಯಂಜನಗಳ ಕ್ರಮ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು. ಕ ವರ್ಗದಿಂದ ಪ ವರ್ಗದವರೆಗೆ ನಡೆದರೆ ಬಾಯಿಯ ಹಿಂಬದಿಯಿಂದ ತುಟಿಯವರೆಗೆ ಬಂದಂತೆ. ಉಸಿರು ಹೊರಬರುವ ದಾರಿ ಅದು. ತುತ್ತಿನ ದಾರಿ ಇದಕ್ಕೆ ವಿರುದ್ಧ. ಮೊದಲು ತುಟಿಗಳು ಮುಚ್ಚುತ್ತವೆ, ‘ಪ’ದ ಸ್ಥಾನ, ನಾಲಗೆಯ ತುದಿ ಹಲ್ಲಿನ ಹಿಂದೆ ಒತ್ತುತ್ತದೆ, ‘ತ’ದ ಸ್ಥಾನ, ನಾಲಗೆ ಅಂಗುಳಕ್ಕೆ ಒತ್ತುತ್ತ ಹಿಂದೆ ಸರಿಯುತ್ತದೆ, ‘ಚ’ದ ಸ್ಥಾನ, ಕೊನೆಗೆ ಅದರ ಹಿಂಭಾಗ ಮೃದು ಅಂಗುಳದ ಬಳಿ ಏರುತ್ತದೆ, ‘ಕ’ದ ಸ್ಥಾನ. ನುಡಿ ವರ್ಣಮಾಲೆಯನ್ನು ಮುಂದಕ್ಕೆ ಓದಿದರೆ ತುತ್ತು ಅದನ್ನು ಹಿಂದಕ್ಕೆ ಓದುತ್ತದೆ.

ಇದರಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಒಂದು, ‘ಕಂಠ್ಯ’ವೆಂದು ಸಂಪ್ರದಾಯ ಕರೆಯುವ ಕ, ಗ ಧ್ವನಿಗಳು ಹುಟ್ಟುವುದು ಗಂಟಲಿನ ಆಳದಲ್ಲಲ್ಲ, ನಾಲಗೆಯ ಹಿಂಭಾಗ ಮೃದು ಅಂಗುಳವನ್ನು ಮುಟ್ಟುವಲ್ಲಿ, ಅಂದರೆ ಗಂಟಲಿನ ಹೊಸ್ತಿಲಲ್ಲಿ. ಆಧುನಿಕ ಧ್ವನಿವಿಜ್ಞಾನ ಅವನ್ನು ಮೃದುತಾಲವ್ಯ ಎಂದು ಕರೆಯುವುದು ಅದಕ್ಕಾಗಿ. ನಿಜವಾಗಿ ಧ್ವನಿಪೆಟ್ಟಿಗೆಯಲ್ಲಿ ಹುಟ್ಟುವುದು ‘ಹ’ಕಾರ.

ಎರಡು, ಅನುನಾಸಿಕಗಳ ರಹಸ್ಯ. ‘ಬ’ ಮತ್ತು ‘ಮ’ ಎರಡಕ್ಕೂ ತುಟಿಗಳ ಕೆಲಸ ಒಂದೇ. ‘ಬ’ ಎನ್ನುವಾಗ ಮೃದು ಅಂಗುಳ ಏರಿ ಮೂಗಿನ ದಾರಿ ಮುಚ್ಚಿರುತ್ತದೆ. ‘ಮ’ ಎನ್ನುವಾಗ ಅದು ಇಳಿದು ದಾರಿ ತೆರೆದಿರುತ್ತದೆ. ಅಂಗುಳವನ್ನು ಎತ್ತುವುದು ತುತ್ತಿಗೂ ‘ಬ’ಕಾರಕ್ಕೂ ಒಂದೇ ಸ್ನಾಯು. ಸೀಳಂಗುಳದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಹಾಲು ಮೂಗಿನಿಂದ ಬರುವುದೂ, ಮುಂದೆ ಮಾತು ಮೂಗುಮೂಗಾಗುವುದೂ ಒಂದೇ ಕೊರತೆಯ ಎರಡು ಮುಖಗಳು. ಶಸ್ತ್ರಚಿಕಿತ್ಸೆ ಮತ್ತು ನುಡಿ ತರಬೇತಿಯಿಂದ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ಮೂರು, ಘೋಷ ಮತ್ತು ಅಘೋಷ. ನುಂಗುವಾಗ ಬಿಗಿಯಾಗಿ ಮುಚ್ಚುವ ಧ್ವನಿತಂತುಗಳೇ ‘ಗ, ಜ, ದ, ಬ’ಗಳಲ್ಲಿ ಹಗುರವಾಗಿ ಕೂಡಿ ಕಂಪಿಸುತ್ತವೆ, ‘ಕ, ಚ, ತ, ಪ’ಗಳಲ್ಲಿ ಅಗಲಿರುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಶಬ್ದವು ಅನುಕೂಲವಾದ ಗಾಳಿಯಿಂದ, ಜೀವನ ಇಚ್ಛೆಯಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದು ನಿರೂಪಿಸಿದ್ದಾನೆ. ಗಾಳಿ ಮತ್ತು ಇಚ್ಛೆ ಎಂಬ ಎರಡು ಕಾರಣಗಳನ್ನು ಆತ ಸರಿಯಾಗಿ ಹಿಡಿದಿದ್ದಾನೆ. ಆ ಕಹಳೆಯ ಬಾಯನ್ನು ಜೀವಂತ ಮನುಷ್ಯನಲ್ಲಿ ಕಣ್ಣಾರೆ ಕಂಡು ವಿವರಿಸಿದ ಕೀರ್ತಿ ಮಾನ್ವೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕನದು. 1854ರಲ್ಲಿ ಆತ ಚಿಕ್ಕ ಕನ್ನಡಿಯನ್ನು ಗಂಟಲಿಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ, ತನ್ನದೇ ಧ್ವನಿತಂತುಗಳನ್ನು ನೋಡಿದ. ವೈದ್ಯರು ಬಹುಕಾಲ ಬಳಸಿದ ಗಂಟಲುಗನ್ನಡಿಯ ಹಿಂದೆ ಹಾಡು ಕಲಿಸುವವನ ಕುತೂಹಲವಿತ್ತು.

ಕೂಸಿನಲ್ಲಿ ಧ್ವನಿಪೆಟ್ಟಿಗೆ ಕತ್ತಿನಲ್ಲಿ ಬಹಳ ಮೇಲಿರುತ್ತದೆ, ಬೆಳೆದಂತೆ ಕೆಳಗಿಳಿಯುತ್ತದೆ. ಹೀಗೆ ಉದ್ದವಾದ ಗಂಟಲಿನಿಂದ ನಾಲಗೆಗೆ ಓಡಾಡಲು ಎಡೆ ದೊರೆತು ಸ್ವರಗಳ ವೈವಿಧ್ಯ ಸಾಧ್ಯವಾಯಿತೆಂಬುದು ಹಲವು ವಿದ್ವಾಂಸರ ಮತ. ಅದೇ ಉದ್ದದಿಂದ ತುತ್ತು ದಾರಿ ತಪ್ಪುವ ಅಪಾಯವೂ ಹೆಚ್ಚಿತು.

೬. ಗಂಟಲು ಸೋತಾಗ

ಮೇಲೆ ಹೇಳಿದ ಸ್ನಾಯುಗಳನ್ನು ನಡೆಸುವುದು ಮಿದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳು; ಅವುಗಳಲ್ಲಿ ಹತ್ತನೆಯದಾದ ವೇಗಸ್ ನರದ ಪಾಲು ದೊಡ್ಡದು. ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ರೋಗದಲ್ಲಿ ಈ ವ್ಯವಸ್ಥೆ ಹದಗೆಡಬಹುದು. ಆಗ ಕೈಕಾಲಿನ ದೌರ್ಬಲ್ಯ ಎಲ್ಲರಿಗೂ ಕಾಣುತ್ತದೆ, ಗಂಟಲಿನ ದೌರ್ಬಲ್ಯ ಕಾಣುವುದಿಲ್ಲ. ನೀರು ಕುಡಿದಾಗಲೆಲ್ಲ ಕೆಮ್ಮುವುದು, ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಊಟಕ್ಕೆ ಬಹಳ ಹೊತ್ತು ಹಿಡಿಯುವುದು, ಬಾಯಲ್ಲಿ ಅನ್ನ ಉಳಿಯುವುದು, ಮೈ ಇಳಿಯುವುದು, ಜ್ವರ ಮರಳಿ ಮರಳಿ ಬರುವುದು ಇದರ ಸೂಚನೆಗಳು. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕೆಲವರಲ್ಲಿ ಕೆಮ್ಮುವ ಶಕ್ತಿಯೂ ಸೋತು, ಕಣ ಸದ್ದಿಲ್ಲದೆ ಇಳಿಯುತ್ತದೆ; ಆದ್ದರಿಂದ ಕೆಮ್ಮು ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಮಲಗಿದವರ ಬಾಯಿಗೆ ನೀರು ಹಾಕುವುದು ಪ್ರೀತಿಯಿಂದಲೇ ಆದರೂ ಅಪಾಯಕರ. ಕೂರಿಸಿ, ಸಣ್ಣ ತುತ್ತುಗಳಾಗಿ, ಒಂದನ್ನು ನುಂಗಿದ ಮೇಲೆ ಇನ್ನೊಂದನ್ನು ಕೊಡಬೇಕು. ಆ ಹೊತ್ತಿಗೆ ಮಾತಾಡಿಸಬಾರದು. ನೀರು ತೆಳುವಾದ್ದರಿಂದ ಸುಲಭವೆಂದು ತೋರುತ್ತದೆ; ಸೋತ ಗಂಟಲಿಗೆ ಅದೇ ಕಠಿಣ, ಏಕೆಂದರೆ ಗೇಟು ಮುಚ್ಚುವ ಮೊದಲೇ ಅದು ಹರಿದುಬಿಡುತ್ತದೆ. ಯಾವ ಹದದ ಆಹಾರ ಕೊಡಬೇಕು, ತಲೆಯನ್ನು ಹೇಗಿಡಬೇಕು ಎಂಬುದನ್ನು ವೈದ್ಯರು ಮತ್ತು ನುಡಿ ಚಿಕಿತ್ಸಕರು ಪರೀಕ್ಷಿಸಿ ಹೇಳುತ್ತಾರೆ. ನುಂಗುವ ತೊಂದರೆಗೆ ಚಿಕಿತ್ಸೆ ಕೊಡುವವರು ನುಡಿಯ ತಜ್ಞರೇ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇಂಥ ತಜ್ಞರು ತರಬೇತಿ ಪಡೆಯುತ್ತಾರೆ. ಭಾಷೆಯ ರಚನೆಯನ್ನು ಬಲ್ಲವರಿಗೆ ಅಲ್ಲಿನ ವಿಷಯ ಪೂರ್ತಿ ಹೊಸದೆನಿಸದು.

ಚಿಕ್ಕ ಮಕ್ಕಳಿಗೂ ಒಂದು ಎಚ್ಚರಿಕೆ ಅಗತ್ಯ. ನಾಲ್ಕು ವರ್ಷದೊಳಗಿನವರಿಗೆ ಇಡೀ ಶೇಂಗಾ, ಪುಟಾಣಿಗಳನ್ನು ಕೊಡಬಾರದು. ಕುಟ್ಟಿಯೋ ಅರೆದೋ ಕೊಡಬೇಕು. ದೊಡ್ಡವರಲ್ಲಿ ಯಾರಿಗಾದರೂ ತುತ್ತು ಸಿಕ್ಕಿಕೊಂಡು ಮಾತೂ ಕೆಮ್ಮೂ ನಿಂತುಹೋದರೆ ನೀರು ಕುಡಿಸಬಾರದು. ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬುಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಹೊಡೆಯಬೇಕು. ಅದರಿಂದ ಆಗದಿದ್ದರೆ ಹಿಂದೆ ನಿಂತು ಹೊಕ್ಕುಳ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ತುತ್ತು ಹೊರಬರುವವರೆಗೆ ಇವೆರಡನ್ನೂ ಸರದಿಯಾಗಿ ಮಾಡುತ್ತ, ವೈದ್ಯರ ನೆರವಿಗೆ ಹೇಳಿಕಳಿಸಬೇಕು. ಹೊಟ್ಟೆಯನ್ನು ಹೀಗೆ ಒತ್ತುವ ಕ್ರಮವನ್ನು 1974ರಲ್ಲಿ ಹೆನ್ರಿ ಹೈಮ್ಲಿಕ್ ಎಂಬ ಅಮೆರಿಕದ ಶಸ್ತ್ರವೈದ್ಯ ಪ್ರಚುರಪಡಿಸಿದ. ವರ್ಷದೊಳಗಿನ ಕೂಸುಗಳಿಗೂ ಗರ್ಭಿಣಿಯರಿಗೂ ಹೊಟ್ಟೆಯನ್ನು ಒತ್ತಬಾರದು.

ಮಾತು ನುಂಗಿದ, ಗಂಟಲು ಕಟ್ಟಿತು, ಗಂಟಲುಬ್ಬಿ ಬಂತು ಎಂಬ ನುಡಿಗಟ್ಟುಗಳಲ್ಲಿ ಕನ್ನಡವು ಅನ್ನ, ಉಸಿರು, ಮಾತು ಮೂರನ್ನೂ ಒಂದೇ ಸ್ಥಳದಲ್ಲಿ ಕಂಡಿದೆ. ಶರೀರಶಾಸ್ತ್ರವೂ ಅದನ್ನೇ ತೋರಿಸುತ್ತದೆ. ಧ್ವನ್ಯಂಗಗಳ ಚಿತ್ರ ಬಿಡಿಸುವಾಗ ಉಸಿರಿಗೆ ಒಂದು ಬಾಣ, ತುತ್ತಿಗೆ ಇನ್ನೊಂದು ಬಾಣ ಹಾಕಿ, ಎರಡೂ ದಾಟುವ ಸ್ಥಳವನ್ನು ಗುರುತಿಸಿದರೆ ಆ ಚಿತ್ರ ಪೂರ್ಣವಾಗುತ್ತದೆ.

ಅಭ್ಯಾಸ

೧. ಗಂಟಲಮಣಿಯ ಮೇಲೆ ಬೆರಳಿಟ್ಟು ಮೊದಲು ಉಗುಳು ನುಂಗಿ, ಬಳಿಕ ‘ಸ್ಸ್ಸ್’ ಎಂದೂ ‘ಆ’ ಎಂದೂ ಉಚ್ಚರಿಸಿ, ಮೂರರಲ್ಲಿ ಕಂಡ ವ್ಯತ್ಯಾಸವನ್ನು ಬರೆಯಿರಿ.

೨. ‘ಬ’ ಮತ್ತು ‘ಮ’ ಧ್ವನಿಗಳ ಭೇದವನ್ನು ಮೃದು ಅಂಗುಳದ ಸ್ನಾಯುಗಳ ಸಹಾಯದಿಂದ ವಿವರಿಸಿರಿ.

೩. ಕಿರುನಾಲಗೆ ಮತ್ತು ಎಪಿಗ್ಲಾಟಿಸ್‌ಗಳ ಸ್ಥಾನ ಹಾಗೂ ಕೆಲಸವನ್ನು ಹೋಲಿಸಿರಿ.

೪. ನುಂಗುವುದಕ್ಕೆ, ಕೆಮ್ಮುವುದಕ್ಕೆ, ಬಿಕ್ಕುವುದಕ್ಕೆ ನಿಮ್ಮ ಮನೆಯ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರುವ ಮಾತುಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿರಿ.